‘ನಿಮ್ಮೂರು ಯಾವುದಮ್ಮ?’ ಅಂದರೆ ಅಮೆರಿಕದ ಮೊಮ್ಮಗಳು ತಡವರಿಸುವುದು ಯಾಕೆ

ಹೊಸ ಎಚ್‌-1ಬಿ ಕೆಲಸದ ವೀಸಾ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಎಂದು ಅಮೆರಿಕದ ಅಧ್ಯಕ್ಷರು 2025ರ ಸೆಪ್ಟೆಂಬರ್ 19ರಂದು ಆದೇಶ ಹೊರಡಿಸಿದರಲ್ಲ, ಆ ಭಾನುವಾರ ಬೆಳಿಗ್ಗೆ ನಮ್ಮ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಪೇಪರ್ ಮಡಚಿಕೊಂಡು ಗೇಟಿನ ಹತ್ತಿರವೇ ನಿಂತಿದ್ದರು. ಮಗ-ಸೊಸೆ ನ್ಯೂಜೆರ್ಸಿಯಲ್ಲಿದ್ದಾರೆ. ಮೊಮ್ಮಗಳಿಗೆ ಹದಿನಾರು, ಮೊಮ್ಮಗನಿಗೆ ಒಂಬತ್ತು. “ಹಾಗಾದ್ರೆ ಮಗು ವಾಪಸ್ ಬಂದ್ಬಿಡುತ್ತಾ?” ಎಂದು ಕೇಳಿದರು. ಆ ದನಿಯಲ್ಲಿ ಆತಂಕ ಎಷ್ಟು, ಆಸೆ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟವಿತ್ತು.

ಆ ಶುಲ್ಕ ಅಮೆರಿಕದ ಹೊರಗಿರುವವರಿಗೆ ಹಾಕುವ ಹೊಸ ಅರ್ಜಿಗೆ, ಈಗಾಗಲೇ ಅಲ್ಲಿ ಕೆಲಸದಲ್ಲಿರುವವರ ನವೀಕರಣಕ್ಕಲ್ಲ ಎಂದು ಹೇಳಿ ಅವರನ್ನು ಸಮಾಧಾನ ಮಾಡಿದೆ. ಆದರೆ ಅವರಾಡಿದ ‘ವಾಪಸ್’ ಎಂಬ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ನಾಲ್ಕನೇ ವಯಸ್ಸಿಗೆ ಮೈಸೂರು ಬಿಟ್ಟ ಹುಡುಗಿ ಅವಳು. ಅವಳ ಪಾಲಿಗೆ ಯಾವುದು ಹೋಗುವುದು, ಯಾವುದು ವಾಪಸ್ ಬರುವುದು?

ಆ ಜುಲೈನಲ್ಲಿ ರಜೆಗೆ ಬಂದಿದ್ದಳು. ಜಗುಲಿಯಲ್ಲಿ ಕೂತಿದ್ದ ನೆಂಟರೊಬ್ಬರು “ನಿಮ್ಮೂರು ಯಾವುದಮ್ಮ?” ಎಂದಾಗ ಒಂದು ಕ್ಷಣ ತಾತನ ಮುಖ ನೋಡಿ, ಆಮೇಲೆ “ಇಲ್ಲೇ... ಐ ಮೀನ್, ಅಲ್ಲಿ” ಎಂದಳು. ಎಲ್ಲರೂ ನಕ್ಕರು. ಅವಳೂ ನಕ್ಕಳು, ಅರ್ಧ.

ಆ ತಡವರಿಕೆ ಬರೀ ಕನ್ನಡ ಬಾರದ್ದರಿಂದ ಬಂದದ್ದಲ್ಲ. ಅದರ ಹಿಂದೆ ವಯಸ್ಸು, ಮನೆ, ಭಾಷೆ, ಹೆಸರು, ಕಾನೂನು ಎಲ್ಲವೂ ಇವೆ. ಒಂದೊಂದಾಗಿ ಬಿಡಿಸಿ ನೋಡೋಣ.

ಗುರುತು ಅಂದರೇನು?

ಇಲ್ಲಿ ಗುರುತು ಅಂದರೆ ಆಧಾರ್ ಕಾರ್ಡಿನ ಗುರುತಲ್ಲ. ‘ನಾನು ಯಾರು, ಯಾರ ಕಡೆಯವಳು, ಯಾವುದು ನನಗೆ ಸರಿ’ ಎಂಬುದಕ್ಕೆ ಒಬ್ಬರ ಒಳಗೆ ಇರುವ ಉತ್ತರ. ಚಿಕ್ಕ ಮಕ್ಕಳಿಗೆ ಈ ಉತ್ತರವನ್ನು ಮನೆಯೇ ಕೊಟ್ಟಿರುತ್ತದೆ, ಅಮ್ಮ ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ. ಹನ್ನೆರಡು-ಹದಿಮೂರರ ಹೊತ್ತಿಗೆ ಅಂಗಿ ಬಿಗಿಯಾಗತೊಡಗುತ್ತದೆ. ಎಲ್ಲೂ ವಲಸೆ ಹೋಗದ ಮಂಡ್ಯದ ಹುಡುಗನೂ ಆ ವಯಸ್ಸಿನಲ್ಲಿ ಅಪ್ಪನ ಮಾತಿಗೆ ಎದುರಾಡುತ್ತಾನೆ, ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಾನೆ. ವಲಸೆ ಹೋದ ಮನೆಯ ಮಕ್ಕಳಿಗೂ ಇದೇ ಕೆಲಸ. ವ್ಯತ್ಯಾಸವೆಂದರೆ ಅವರ ಮುಂದೆ ಎರಡು ಕನ್ನಡಿ ಇರುತ್ತವೆ, ಎರಡರಲ್ಲೂ ಮುಖ ಸ್ವಲ್ಪ ಬೇರೆಯಾಗಿ ಕಾಣುತ್ತದೆ.

ಹದಿಹರೆಯದ ಈ ತಳಮಳಕ್ಕೆ ಮನಶ್ಶಾಸ್ತ್ರದಲ್ಲಿ ‘ಗುರುತಿನ ಬಿಕ್ಕಟ್ಟು’ ಎಂಬ ಹೆಸರು ಕೊಟ್ಟವರು ಎರಿಕ್ ಎರಿಕ್ಸನ್. ಅವರ ಸ್ವಂತ ಕತೆಯೇ ಇದಕ್ಕೆ ಒಳ್ಳೆಯ ಉದಾಹರಣೆ. 1902ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಬಳಿ ಹುಟ್ಟಿದರು. ತಾಯಿ ಡೆನ್ಮಾರ್ಕಿನ ಯಹೂದಿ. ಹೆತ್ತ ತಂದೆ ಯಾರೆಂದು ಕೊನೆಯವರೆಗೂ ತಿಳಿಯಲಿಲ್ಲ. ಸಾಕಿದ ಮಲತಂದೆ ಹೋಂಬರ್ಗರ್ ಎಂಬ ಮಕ್ಕಳ ವೈದ್ಯ, ಅವರೇ ಹೆತ್ತ ತಂದೆ ಎಂದು ನಂಬಿಸಿ ಬೆಳೆಸಿದ್ದರು. ಹೊಂಬಣ್ಣದ ಕೂದಲು, ನೀಲಿ ಕಣ್ಣಿನ ಎತ್ತರದ ಹುಡುಗನನ್ನು ಯಹೂದಿ ಮಂದಿರದ ಪಾಠಶಾಲೆಯಲ್ಲಿ ‘ಹೊರಗಿನವನು’ ಎಂದು ಕಾಡುತ್ತಿದ್ದರು, ಊರಿನ ಶಾಲೆಯಲ್ಲಿ ‘ಯಹೂದಿ’ ಎಂದು ಕಾಡುತ್ತಿದ್ದರು. 1933ರಲ್ಲಿ ಅಮೆರಿಕಕ್ಕೆ ಹೋದರು. 1939ರಲ್ಲಿ ಪೌರತ್ವ ಸಿಕ್ಕಾಗ ಎರಿಕ್ಸನ್ ಎಂಬ ಹೊಸ ಹೆಸರು ಇಟ್ಟುಕೊಂಡರು. ಎರಿಕ್ಸನ್ ಅಂದರೆ ಎರಿಕ್‌ನ ಮಗ, ತನಗೆ ತಾನೇ ಮಗ! ಎರಡು ಮನೆ, ಎರಡು ಧರ್ಮ, ಎರಡು ದೇಶಗಳ ನಡುವೆ ಸಿಕ್ಕವನಿಗೇ ಈ ಪ್ರಶ್ನೆ ಎಲ್ಲರಿಗಿಂತ ಮೊದಲು ಹೊಳೆದದ್ದರಲ್ಲಿ ಆಶ್ಚರ್ಯವಿಲ್ಲ.

ಎರಡು ಮನೆಯ ಲೆಕ್ಕ

ಎರಡು ಸಂಸ್ಕೃತಿ ಎಂದೊಡನೆ ನಾವು ಊಟ-ಬಟ್ಟೆ ನೆನೆಯುತ್ತೇವೆ. ಹುಡುಗಿ ದೋಸೆಯನ್ನೂ ತಿನ್ನುತ್ತಾಳೆ, ಪಿಜ್ಜಾವನ್ನೂ ತಿನ್ನುತ್ತಾಳೆ. ತೊಡಕು ಅಲ್ಲಿಲ್ಲ. ‘ಕುಟುಂಬ’ ಎಂಬ ಮಾತಿನ ಅಳತೆಯಲ್ಲೇ ಇದೆ.

ಶಾಲೆಯಲ್ಲಿ ಅವಳಿಗೆ ವಂಶವೃಕ್ಷ ಬರೆಯಲು ಹೇಳಿದ್ದರಂತೆ. ಇಂಗ್ಲಿಷಿನಲ್ಲಿ ಅಪ್ಪ-ಅಮ್ಮನ ಕಡೆಯ ಗಂಡಸರೆಲ್ಲ ಅಂಕಲ್, ಅವರ ಮಕ್ಕಳೆಲ್ಲ ಕಸಿನ್. ನಮ್ಮಲ್ಲಿ ಹಾಗಲ್ಲ. ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳು, ದೊಡ್ಡಮ್ಮ-ಚಿಕ್ಕಮ್ಮನ ಮಕ್ಕಳು ಅಣ್ಣ-ತಮ್ಮ, ಅಕ್ಕ-ತಂಗಿಯರೇ. ಸೋದರತ್ತೆ, ಸೋದರಮಾವನ ಮಕ್ಕಳು ಬೇರೆ ಲೆಕ್ಕ, ಅವರು ಭಾವ, ಮೈದುನ, ಅತ್ತಿಗೆ, ನಾದಿನಿ. ಮೈಸೂರಿನ ಲೆಕ್ಕದಲ್ಲಿ ಅವಳಿಗೆ ನಾಲ್ವರು ಅಣ್ಣಂದಿರು, ಇಬ್ಬರು ಅಕ್ಕಂದಿರು, ಒಬ್ಬ ತಮ್ಮ. ನ್ಯೂಜೆರ್ಸಿಯ ಶಾಲೆಯ ಹಾಳೆಯಲ್ಲಿ ಒಬ್ಬನೇ ತಮ್ಮ. “ಯಾವ್ದು ಸರಿ ತಾತ?” ಎಂದು ವಿಡಿಯೋ ಕಾಲ್‌ನಲ್ಲಿ ಕೇಳಿದ್ದಳು. ಮೇಷ್ಟ್ರು “ಎರಡೂ ಸರಿ” ಎಂದರಂತೆ. ಹಾಳೆಯಲ್ಲಿ ಜಾಗ ಒಂದಕ್ಕೇ ಇತ್ತು.

ಈ ಅಳತೆಯ ಜೊತೆಗೆ ನಡವಳಿಕೆಯ ನಿರೀಕ್ಷೆಯೂ ಬರುತ್ತದೆ. ಅಲ್ಲಿನ ಶಾಲೆ ‘ನಿನಗೇನು ಬೇಕು, ನಿನ್ನ ಅಭಿಪ್ರಾಯವೇನು’ ಎಂದು ದಿನವೂ ಕೇಳುತ್ತದೆ. ಕಾಲೇಜು ಅರ್ಜಿಗೆ ‘ನಾನು’ ಎಂದು ಶುರುವಾಗುವ ಪ್ರಬಂಧ ಬರೆಯಬೇಕು. ಅಜ್ಜಿಯ ಮನೆಯಲ್ಲಿ ಒಳ್ಳೆಯ ಹುಡುಗಿಯ ಲಕ್ಷಣವೇ ಬೇರೆ. ಬಡಿಸಿದ್ದನ್ನು ಬೇಡ ಅನ್ನದಿರುವುದು, ದೊಡ್ಡವರ ಮಾತಿನ ನಡುವೆ ಬಾಯಿ ಹಾಕದಿರುವುದು. ಒಂದು ಕಡೆ ಪೂರ್ತಿ ಅಂಕ ತರುವ ಗುಣ ಇನ್ನೊಂದು ಕಡೆ ‘ಅಧಿಕಪ್ರಸಂಗ’ ಆಗುತ್ತದೆ. ಇದನ್ನು ಯಾರೂ ಕೂರಿಸಿ ಹೇಳಿಕೊಡುವುದಿಲ್ಲ. ಎಡವಿಯೇ ಕಲಿಯಬೇಕು.

ನಿಂತ ಗಡಿಯಾರ, ಓಡುವ ಗಡಿಯಾರ

ವಲಸೆಯ ಕುಟುಂಬಗಳನ್ನು ಅಧ್ಯಯನ ಮಾಡುವವರು ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಾರೆ: ಹೊಸ ದೇಶಕ್ಕೆ ಮಕ್ಕಳು ಬೇಗ ಒಗ್ಗುತ್ತಾರೆ, ದೊಡ್ಡವರು ನಿಧಾನ. ದಿನಕ್ಕೆ ಆರೇಳು ಗಂಟೆ ಮಕ್ಕಳು ಅಲ್ಲಿನ ಶಾಲೆಯಲ್ಲೇ ಇರುತ್ತಾರೆ. ಹೆತ್ತವರಿಗೆ ಆಫೀಸು ಮುಗಿದರೆ ಮನೆ, ಮನೆಯಲ್ಲಿ ಕನ್ನಡ, ಶನಿವಾರ ಕನ್ನಡ ಕೂಟ. ವರ್ಷ ಕಳೆದಂತೆ ಅಂತರ ಹೆಚ್ಚುತ್ತದೆ.

ಇದರ ಜೊತೆ ಇನ್ನೊಂದು ಸಂಗತಿಯೂ ನಡೆಯುತ್ತದೆ, ಅದು ಅಷ್ಟಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಊರು ಬಿಟ್ಟವರ ಮನಸ್ಸಿನಲ್ಲಿ ಊರಿನ ಗಡಿಯಾರ ಬಿಟ್ಟ ದಿನಕ್ಕೇ ನಿಂತಿರುತ್ತದೆ. ಮೇಷ್ಟ್ರ ಮಗ ಹೋದದ್ದು 2013ರಲ್ಲಿ. ಅವನು ಮಗಳಿಗೆ ಹೇಳಿಕೊಡುವ ಕರ್ನಾಟಕ ಅವನು ಬೆಳೆದ ಕಾಲದ್ದು. ಹುಡುಗಿ ಅಲ್ಲಿ ಭಾನುವಾರ ದೇವರನಾಮ ಕಲಿಯುತ್ತಾಳೆ, ಯುಗಾದಿಗೆ ರೇಷ್ಮೆ ಲಂಗ ಉಡುತ್ತಾಳೆ. ಬಂದು ನೋಡಿದರೆ ಬೆಂಗಳೂರಿನ ಅಣ್ಣ-ಅಕ್ಕಂದಿರು ತಮ್ಮತಮ್ಮಲ್ಲೇ ಇಂಗ್ಲಿಷ್ ಮಾತಾಡುತ್ತಾರೆ, ದೇವರನಾಮ ಅಂದರೆ ನಗುತ್ತಾರೆ. “ನೀನೇ ನಮಗಿಂತ ಹಳೇ ಕಾಲದೋಳು ಕಣೇ” ಎಂದು ಒಬ್ಬ ಅಣ್ಣ ಛೇಡಿಸಿದ. ಅಪ್ಪ ಕಷ್ಟಪಟ್ಟು ಕೊಟ್ಟ ವಿಳಾಸಕ್ಕೆ ಹೋದರೆ ಆ ಮನೆಯವರು ಮನೆಯನ್ನೇ ಬದಲಾಯಿಸಿಬಿಟ್ಟಿದ್ದಾರೆ. ಅಮೆರಿಕದಲ್ಲಿ ‘ಇಂಡಿಯನ್’, ಇಲ್ಲಿ ‘ಅಮೆರಿಕದೋಳು’, ಅದರ ಮೇಲೆ ಇದೊಂದು.

ಅಲ್ಲಿ ಕಲಿಯದ ಪಾಠಗಳೂ ಇಲ್ಲಿ ಕಾದಿರುತ್ತವೆ. “ನೀವು ಯಾವ ಪೈಕಿ?” ಎಂದು ಎದುರು ಮನೆಯವರು ಕೇಳಿದಾಗ ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ರಾತ್ರಿ ಅಜ್ಜಿ ಅರ್ಥ ಹೇಳಿದರು. ಆಮೇಲೆ ಎರಡು ದಿನ ಆ ಮನೆಯ ಕಡೆ ಅವಳು ಹೋಗಲಿಲ್ಲ.

‘ನೀನು ಕೂತ್ಕೋ’ ಎಂದದ್ದು ಅಗೌರವವೇ?

ನೆಂಟರಿಗೆ ಅವಳು ಕುರ್ಚಿ ಎಳೆದು “ನೀನು ಕೂತ್ಕೋ ಅಂಕಲ್” ಎಂದಳು. ಎಪ್ಪತ್ತು ದಾಟಿದವರು. ಮುಖ ಸಣ್ಣಗೆ ಮಾಡಿಕೊಂಡರು.

ಇದರ ಕಾರಣ ಸರಳ. ಮಕ್ಕಳು ಭಾಷೆಯನ್ನು ಕೇಳಿ ಕಲಿಯುತ್ತಾರೆ, ಕೇಳದ್ದನ್ನು ಕಲಿಯಲಾರರು. ನ್ಯೂಜೆರ್ಸಿಯ ಮನೆಯಲ್ಲಿ ಅವಳ ಕಿವಿಗೆ ಬೀಳುವ ಕನ್ನಡದಲ್ಲಿ ಹೆಚ್ಚಿನದು ಅವಳಿಗೇ ಹೇಳಿದ್ದು: ಬಾ, ತಿನ್ನು, ಮಲಗು, ನೀನು ಓದಿದ್ಯಾ? ಮೈಸೂರಿನ ಮಗುವಾದರೆ ಅಪ್ಪ ತಾತನಿಗೆ ‘ಬನ್ನಿ’ ಎನ್ನುವುದನ್ನು, ಅಮ್ಮ ತರಕಾರಿಯವರಿಗೆ ‘ಕೊಡಿ’ ಎನ್ನುವುದನ್ನು, ಮೇಷ್ಟ್ರಿಗೆ ಇಡೀ ಬೀದಿಯೇ ‘ನೀವು’ ಎನ್ನುವುದನ್ನು ದಿನಕ್ಕೆ ನೂರು ಸಲ ಕೇಳಿರುತ್ತದೆ. ಅಲ್ಲಿ ಆ ಬೀದಿ ಇಲ್ಲ. ಇಂಗ್ಲಿಷಿನಲ್ಲಿ ನೀನು-ನೀವು ಎರಡಕ್ಕೂ ಒಂದೇ ಪದ. ಅಜ್ಜಿಗೆ ‘ನೀನು’ ಎಂದರೆ ನಮ್ಮಲ್ಲೂ ನಡೆಯುತ್ತದೆ, ತಾತನಿಗೆ ಬಹುಮಟ್ಟಿಗೆ ನಡೆಯುವುದಿಲ್ಲ ಎಂಬ ಸೂಕ್ಷ್ಮ ಬೇರೆ! ಅದನ್ನು ಯಾವ ಪುಸ್ತಕ ನೋಡಿ ಕಲಿಯಬೇಕು?

ಹೀಗೆ ಮನೆಯಲ್ಲಷ್ಟೇ ಉಳಿಯುವ ಭಾಷೆ ಅಡುಗೆಮನೆಯಲ್ಲಿ ಗಟ್ಟಿಯಾಗಿರುತ್ತದೆ, ಹೊಸ್ತಿಲಾಚೆ ಸಡಿಲವಾಗುತ್ತದೆ. ಹಸಿವು, ನಿದ್ದೆ, ಸಿಟ್ಟು ಕನ್ನಡದಲ್ಲಿ ಬರುತ್ತವೆ. ಸ್ನೇಹಿತೆಯೊಂದಿಗಿನ ಮನಸ್ತಾಪ, ಪರೀಕ್ಷೆಯ ಭಯ, ಮುಂದೇನು ಎಂಬ ಚಿಂತೆಗೆ ಇಂಗ್ಲಿಷೇ ಬೇಕು. ಅಜ್ಜಿಗೆ ಇಂಗ್ಲಿಷ್ ಬಾರದು. ಹಾಗಾಗಿ ಅಜ್ಜಿಗೆ ಗೊತ್ತಿರುವ ಮೊಮ್ಮಗಳಿಗೆ ಇನ್ನೂ ಆರೇ ವರ್ಷ.

ಹೆಸರಿನ ಪಾಡು

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮನೆತನದ ಹೆಸರಿನ ರೂಢಿಯೇ ಇಲ್ಲ. ಊರಿನ ಮೊದಲಕ್ಷರ, ಅಪ್ಪನ ಹೆಸರಿನ ಮೊದಲಕ್ಷರ, ಆಮೇಲೆ ಹೆಸರು. ಅಮೆರಿಕದ ಅರ್ಜಿಗೆ ಎರಡು ಖಾನೆ ತುಂಬಲೇಬೇಕು. ಇಲ್ಲಿನ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಲ್ಲಿನ ವೀಸಾದಲ್ಲಿ ಅದು ಮನೆತನದ ಹೆಸರಿನ ಜಾಗಕ್ಕೆ ಹೋಗುತ್ತದೆ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಬೀಳುತ್ತದೆ. ಅದರ ಅರ್ಥ ‘ಹೆಸರು ತಿಳಿದಿಲ್ಲ’. ಊರಿನ ಹೆಸರನ್ನೋ ತಾತನ ಹೆಸರನ್ನೋ ಕೊನೆಗೆ ಸೇರಿಸಿದವರ ಮಕ್ಕಳದ್ದು ಇನ್ನೊಂದು ಕತೆ. ಮೇಷ್ಟ್ರ ಹೆಸರು ಮೊಮ್ಮಗಳ ‘ಲಾಸ್ಟ್ ನೇಮ್’. ಫುಟ್‌ಬಾಲ್ ಅಂಗಿಯ ಬೆನ್ನ ಮೇಲೆ ತಾತನ ಹೆಸರು ಬರೆದುಕೊಂಡು ಅವಳು ಆಡುವ ಫೋಟೋ ಅವರ ಹಜಾರದಲ್ಲಿದೆ. ಮೇಷ್ಟ್ರಿಗೆ ಅದು ಎಷ್ಟು ಹೆಮ್ಮೆ ಎಂದರೆ ಬಂದವರಿಗೆಲ್ಲ ಮೊದಲು ಬೆನ್ನೇ ತೋರಿಸುತ್ತಾರೆ.

ಹಿಡಿಯುವುದು, ಬಿಡುವುದು

ಹೊಸ ಸಂಸ್ಕೃತಿಗೆ ಬಂದವರು ಏನು ಮಾಡುತ್ತಾರೆ ಎಂಬುದನ್ನು ಕೆನಡಾದ ಮನಶ್ಶಾಸ್ತ್ರಜ್ಞ ಜಾನ್ ಬೆರ್ರಿ ಎರಡು ಪ್ರಶ್ನೆಗಳಿಗೆ ಇಳಿಸಿದರು. ತಂದದ್ದನ್ನು ಇಟ್ಟುಕೊಳ್ಳುತ್ತೀಯಾ? ಇಲ್ಲಿಯದರ ಜೊತೆ ಬೆರೆಯುತ್ತೀಯಾ? ಎರಡಕ್ಕೂ ಹೌದು ಎಂದರೆ ಜೋಡಿಸಿಕೊಳ್ಳುವ ದಾರಿ. ತಂದದ್ದು ಬೇಡ, ಇಲ್ಲಿಯದೇ ಸಾಕು ಎಂದರೆ ಕರಗಿಹೋಗುವುದು. ಅದರ ತಿರುವುಮುರುವು, ತಮ್ಮವರೊಳಗೇ ಉಳಿಯುವುದು. ಎರಡೂ ಇಲ್ಲದಿದ್ದರೆ ಯಾವ ಕಡೆಗೂ ಸಲ್ಲದೆ ಅಂಚಿನಲ್ಲಿ ನಿಲ್ಲುವುದು.

ಬೆರ್ರಿ ಮತ್ತು ಸಂಗಡಿಗರು 13 ದೇಶಗಳಲ್ಲಿ, 13ರಿಂದ 18 ವಯಸ್ಸಿನ 5,000ಕ್ಕೂ ಹೆಚ್ಚು ವಲಸೆ ಮನೆಯ ಮಕ್ಕಳನ್ನು ಅಧ್ಯಯನ ಮಾಡಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡನ್ನೂ ಜೋಡಿಸಿಕೊಂಡವರ ಗುಂಪೇ ದೊಡ್ಡದು, ಸುಮಾರು ಶೇ 36. ಮನಸ್ಸಿನ ನೆಮ್ಮದಿಯಲ್ಲೂ ಶಾಲೆಯ ಬದುಕಿನಲ್ಲೂ ಒಟ್ಟಾರೆ ಮುಂದಿದ್ದವರೂ ಅವರೇ. ‘ಎರಡು ದೋಣಿಯ ಮೇಲೆ ಕಾಲಿಡಬೇಡ’ ಎಂಬ ನಮ್ಮ ಬುದ್ಧಿವಾದ ಇಲ್ಲಿ ಅಷ್ಟಾಗಿ ಹೊಂದುವುದಿಲ್ಲ.

ಆದರೆ ಇವನ್ನು ನಾಲ್ಕು ಡಬ್ಬಿ ಎಂದುಕೊಂಡು ಮಕ್ಕಳನ್ನು ಒಳಗೆ ಹಾಕಿ ಮುಚ್ಚಳ ಮುಚ್ಚುವುದೂ ತಪ್ಪು. ಯುಗಾದಿ ಯಾವ ವಾರ ಬಂದರೂ ಕನ್ನಡ ಕೂಟದ ಹಬ್ಬ ಶನಿವಾರವೇ, ಬಾಡಿಗೆಗೆ ಹಿಡಿದ ಶಾಲೆಯ ಸಭಾಂಗಣದಲ್ಲಿ. ದೊಡ್ಡ ಅಲ್ಯೂಮಿನಿಯಂ ಟ್ರೇಗಳಲ್ಲಿ ಬಿಸಿಬೇಳೆಬಾತು ಸಾಲಾಗಿ ಇಟ್ಟಿರುತ್ತಾರೆ. ಆ ಮಧ್ಯಾಹ್ನ ಹುಡುಗಿ ವೇದಿಕೆಯ ಮೇಲೆ ವಚನ ಹೇಳುತ್ತಾಳೆ. ಸಂಜೆ ಶಾಲೆಯ ಗೆಳತಿ ಕರೆ ಮಾಡಿದರೆ ಎಲ್ಲಿದ್ದೆ ಎಂಬುದಕ್ಕೆ ‘ಏನೋ ಫ್ಯಾಮಿಲಿ ಕಾರ್ಯಕ್ರಮ’ ಎಂದು ಹೇಳಿ ಮುಗಿಸುತ್ತಾಳೆ. ಒಂದೇ ದಿನದಲ್ಲಿ ಎರಡು ದಾರಿ.

ಕಾಗದ ಕೊಡುವ ಗುರುತು

ಮೇಷ್ಟ್ರ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಇಲ್ಲಿ.

ಎಚ್‌-1ಬಿ ಎಂದರೆ ವಿಶೇಷ ಪರಿಣತಿಯ ಕೆಲಸಕ್ಕೆ ಕೊಡುವ ತಾತ್ಕಾಲಿಕ ವೀಸಾ. ಮೂರು ವರ್ಷ, ಮತ್ತೆ ಮೂರು ವರ್ಷ. ಅವರ ಹೆಂಡತಿ ಅಥವಾ ಗಂಡನಿಗೆ, ಮಕ್ಕಳಿಗೆ ಸಿಗುವುದು ಎಚ್‌-4. ಅದು ಅಪ್ಪನ ಬೆನ್ನಿಗೆ ಕಟ್ಟಿದ ಜೋಳಿಗೆಯಂಥದ್ದು. ಎಚ್‌-4ನಲ್ಲಿರುವ ಮಗು ಶಾಲೆಗೆ ಹೋಗಬಹುದು, ದುಡಿಯುವಂತಿಲ್ಲ. ಹದಿನಾರರ ಗೆಳತಿಯರು ರಜೆಯಲ್ಲಿ ಐಸ್‌ಕ್ರೀಮ್ ಅಂಗಡಿಯಲ್ಲಿ ಕೆಲಸ ಮಾಡಿ ಕೈಖರ್ಚಿಗೆ ಕಾಸು ಮಾಡಿಕೊಳ್ಳುವಾಗ ಇವಳು ಯಾವುದೋ ನೆಪ ಹೇಳಬೇಕು. ಎಷ್ಟೋ ಮಕ್ಕಳಿಗೆ ತಾವು ‘ಬೇರೆ’ ಎಂದು ಮೊದಲು ಗೊತ್ತಾಗುವುದು ಹೀಗೆಯೇ, ಒಂದು ಅರ್ಜಿಯ ಖಾನೆಯ ಮುಂದೆ.

ಖಾಯಂ ವಾಸಕ್ಕೆ ಬೇಕಾದದ್ದು ಗ್ರೀನ್ ಕಾರ್ಡ್. ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000, ಹೆಂಡತಿ-ಮಕ್ಕಳೂ ಸೇರಿ. 1990ರ ಕಾನೂನಿನ ಪ್ರಕಾರ ಒಂದೊಂದು ದೇಶದಲ್ಲಿ ಹುಟ್ಟಿದವರಿಗೆ ಅದರಲ್ಲಿ ಶೇ 7ಕ್ಕಿಂತ ಹೆಚ್ಚು ಇಲ್ಲ. 140 ಸೀಟಿನ ಒಂದು ಬಸ್ಸು ಊಹಿಸಿಕೊಳ್ಳಿ. ಯಾವ ಊರಿನವರಿಗೂ ಹತ್ತಕ್ಕಿಂತ ಹೆಚ್ಚು ಸೀಟಿಲ್ಲ. ಐದೇ ಜನ ಇರುವ ಊರಿಗೂ ಹತ್ತು, ಐದು ಸಾವಿರ ಜನ ನಿಂತ ಊರಿಗೂ ಹತ್ತು. ಬೇರೆ ಊರುಗಳು ಬಿಟ್ಟ ಸೀಟು ಆಗಾಗ ಒಂದಿಷ್ಟು ಸಿಗುತ್ತದೆ, ಅಷ್ಟೇ. ಆ ಐದು ಸಾವಿರದ ಊರು ಭಾರತ. 2025ರ ಕೊನೆಯ ತಿಂಗಳುಗಳಲ್ಲಿ, ಭಾರತದಲ್ಲಿ ಹುಟ್ಟಿದ ಐಟಿಯವರು ಹೆಚ್ಚಾಗಿ ಅರ್ಜಿ ಹಾಕುವ ವರ್ಗಗಳಲ್ಲಿ 2013ರಲ್ಲಿ ಸಾಲಿಗೆ ನಿಂತವರ ಸರದಿ ನಡೆಯುತ್ತಿತ್ತು. ಸಾಲಿನಲ್ಲಿರುವವರಿಗೆ ಎಚ್‌-1ಬಿ ಆರು ವರ್ಷದ ಆಚೆಗೂ ನವೀಕರಣವಾಗುತ್ತಾ ಹೋಗುತ್ತದೆ. ಆದ್ದರಿಂದ ಅಪ್ಪ-ಅಮ್ಮ ಕಾಯಬಹುದು.

ಮಕ್ಕಳು ಕಾಯಲಾರರು. 21 ತುಂಬಿದ ದಿನ ಕಾನೂನಿನ ಲೆಕ್ಕದಲ್ಲಿ ಅವರು ‘ಮಗು’ ಅಲ್ಲ. ಎಚ್‌-4 ಮುಗಿಯಿತು, ಅಪ್ಪನ ಸಾಲಿನಲ್ಲಿದ್ದ ಜಾಗವೂ ಹೋಯಿತು. 2002ರ ಒಂದು ಕಾನೂನು ಸ್ವಲ್ಪ ರಿಯಾಯಿತಿ ಕೊಡುತ್ತದೆ. ಅರ್ಜಿ ಪರಿಶೀಲನೆಗೆ ಹಿಡಿದ ದಿನಗಳನ್ನು ವಯಸ್ಸಿನಿಂದ ಕಳೆಯಬಹುದು. ಆದರೆ ಸಾಲಿನಲ್ಲಿ ನಿಂತ ವರ್ಷಗಳನ್ನು ಕಳೆಯುವಂತಿಲ್ಲ. ರೇಷನ್ ಅಂಗಡಿಯಲ್ಲಿ ಗುಮಾಸ್ತ ಕಾರ್ಡು ನೋಡಿದ ಎರಡು ನಿಮಿಷ ಮಾತ್ರ ಲೆಕ್ಕ, ಬಿಸಿಲಲ್ಲಿ ನಿಂತ ಬೆಳಗು ಲೆಕ್ಕಕ್ಕಿಲ್ಲ ಎಂದ ಹಾಗೆ.

ಆಮೇಲೆ ಸಾಮಾನ್ಯವಾಗಿ ಉಳಿಯುವುದು ವಿದ್ಯಾರ್ಥಿ ವೀಸಾ. ಅದನ್ನು ಪಡೆಯಲು ‘ಓದು ಮುಗಿದ ಮೇಲೆ ನನ್ನ ದೇಶಕ್ಕೆ ಮರಳುತ್ತೇನೆ’ ಎಂದು ತೋರಿಸಬೇಕು. ನಾಲ್ಕನೇ ವಯಸ್ಸಿನಿಂದ ಅಲ್ಲೇ ಬೆಳೆದವಳು ವಿದೇಶಿ ವಿದ್ಯಾರ್ಥಿನಿಯಾಗುತ್ತಾಳೆ. ಅಲ್ಲಿನ ಕೇಂದ್ರ ಸರ್ಕಾರದ ಶಿಕ್ಷಣ ನೆರವು ಎಚ್‌-4ನಲ್ಲಿದ್ದಾಗಲೂ ಇರಲಿಲ್ಲ, ಈಗಲೂ ಇಲ್ಲ. ಇಂಥ ಮಕ್ಕಳು ಎರಡು ಲಕ್ಷಕ್ಕೂ ಹೆಚ್ಚು ಎಂಬ ಅಂದಾಜನ್ನು ಅಲ್ಲಿನ ಸಂಸದರೇ ಹೇಳುತ್ತ ಬಂದಿದ್ದಾರೆ. ದಾಖಲೆಯಿಲ್ಲದೆ ಬಾಲ್ಯದಲ್ಲಿ ಬಂದವರಿಗೆಂದು 2012ರಲ್ಲಿ ಬಂದ ರಕ್ಷಣೆಯೂ ಇವರಿಗಿಲ್ಲ, ಏಕೆಂದರೆ ಇವರ ಹತ್ತಿರ ದಾಖಲೆ ಇತ್ತು!

ತಮ್ಮನ ಲೆಕ್ಕ ಬೇರೆ

ಅವಳ ತಮ್ಮ ಹುಟ್ಟಿದ್ದು ನ್ಯೂಜೆರ್ಸಿಯಲ್ಲಿ. 1868ರಲ್ಲಿ ಅಮೆರಿಕದ ಸಂವಿಧಾನಕ್ಕೆ ಬಂದ 14ನೇ ತಿದ್ದುಪಡಿಯ ಪ್ರಕಾರ ಹುಟ್ಟಿನಿಂದಲೇ ಅಲ್ಲಿನ ಪ್ರಜೆ. (ಇದನ್ನು ಮೊಟಕುಗೊಳಿಸುವ 2025ರ ಜನವರಿಯ ಆದೇಶ ಆಮೇಲೆ ಹುಟ್ಟುವವರ ಬಗ್ಗೆ, ಅದಕ್ಕೂ ನ್ಯಾಯಾಲಯಗಳು ತಡೆ ಹಾಕಿದವು.) ಒಂದೇ ತಟ್ಟೆಯಲ್ಲಿ ಉಣ್ಣುವ ಇಬ್ಬರಿಗೆ ವಿಮಾನ ನಿಲ್ದಾಣದಲ್ಲಿ ಎರಡು ಸಾಲು. 21 ತುಂಬಿದಾಗ ಅಕ್ಕ ಅಪ್ಪನ ವೀಸಾದಿಂದ ಹೊರಗೆ ಬೀಳುತ್ತಾಳೆ. ಅದೇ 21 ತುಂಬಿದಾಗ ತಮ್ಮ ತನ್ನ ಅಪ್ಪ-ಅಮ್ಮನಿಗೆ ಗ್ರೀನ್ ಕಾರ್ಡ್ ಕೊಡಿಸಲು ಅರ್ಜಿ ಹಾಕಬಹುದು.

ತಮ್ಮ ಇಲ್ಲಿಗೆ ಬಂದರೆ ಲೆಕ್ಕ ತಿರುಗುತ್ತದೆ. ಭಾರತ ಎರಡು ದೇಶದ ಪೌರತ್ವವನ್ನು ಒಪ್ಪುವುದಿಲ್ಲ. ಅವನಿಗಿರುವುದು ಒಸಿಐ ಕಾರ್ಡು, ಅಂದರೆ ಬಂದು-ಹೋಗಲು, ಬದುಕಲು ಜೀವನಪೂರ್ತಿ ಪರವಾನಗಿ. ಮತ ಹಾಕುವಂತಿಲ್ಲ, ಹೊಲ-ಗದ್ದೆ ಕೊಳ್ಳುವಂತಿಲ್ಲ. 2021ರ ಮಾರ್ಚ್ 4ರ ನಂತರ ಕಾರ್ಡು ಪಡೆದವರಾದರೆ ನೀಟ್, ಜೆಇಇಯಂಥ ಪರೀಕ್ಷೆ ಬರೆದರೂ ಅನಿವಾಸಿ ಭಾರತೀಯರ ಸೀಟಿಗಷ್ಟೇ ಅರ್ಹರು. ಅಕ್ಕನ ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದೆ, ಇಲ್ಲಿ ಎಲ್ಲ ಹಕ್ಕೂ ಇದೆ. ಕನ್ನಡ ಓದಲು ಬಾರದು. ತಮ್ಮನಿಗೆ ಬೀದಿಯ ಹುಡುಗರ ಜೊತೆ ಕ್ರಿಕೆಟ್ ಆಡಿ ಒಂದು ತಿಂಗಳಲ್ಲೇ ಮೈಸೂರಿನ ಬೈಗುಳವೆಲ್ಲ ಬಂದಿತ್ತು.

ಇಷ್ಟನ್ನೂ ಗೇಟಿನ ಹತ್ತಿರವೇ ಮೇಷ್ಟ್ರಿಗೆ ಹೇಳಿದೆ, ಬಸ್ಸಿನ ಉಪಮೆ ಸಮೇತ. ತಾಳ್ಮೆಯಿಂದ ಕೇಳಿದರು. ಒಳಗೆ ಹೋಗಿ ಒಂಟಿಕೊಪ್ಪಲ್ ಪಂಚಾಂಗ ತಂದು, ಹಿಂದಿನ ಪುಟದಲ್ಲಿ ಪೆನ್ಸಿಲಿನಿಂದ 2009ಕ್ಕೆ 21 ಕೂಡಿಸಿದರು. 2030 ಬಂತು. ಸ್ವಲ್ಪ ಹೊತ್ತು ಅದನ್ನೇ ನೋಡಿ, ಕನ್ನಡಕ ಮೇಲೆತ್ತಿ ಕೇಳಿದರು:

“ಅವರದು ಇಂಗ್ಲಿಷ್ ತಾರೀಖಿನ ಲೆಕ್ಕಾನೋ, ನಕ್ಷತ್ರದ್ದೋ? ನಕ್ಷತ್ರ ಆದ್ರೆ ಆ ವರ್ಷ ಒಂದೆರಡು ವಾರ ಮುಂದಕ್ಕೆ ಹೋದ್ರೂ ಹೋಗಬಹುದು.”